ಹಳ್ಳದ ಹೆಸರೂ ಬೇಕು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಸಲಮಾಂಡರ್ ಎಂಬ ಪ್ರಾಣಿಯ ವಿಷಯವಾಗಿ ಬರೆಯಹೊರಟರೆ, ‘ಇವನಿಗೆ ಚರಿತ್ರೆಯಲ್ಲಿ ವಿಷಯ ಸಿಕ್ಕಲಿಲ್ಲವೇ?’ ಎಂದು ಮಿತ್ರರು ಕೇಳಿಯೇ ಕೇಳುತ್ತಾರೆ. ನನಗೆ ತೋರುವ ಮಟ್ಟಿಗೆ ಇದು ಚರಿತ್ರೆಯ ವಿಷಯವೇ. ಹೊಲ ಉಳುವಾಗ ಸಿಕ್ಕ ಹಳೆಯ ನಾಣ್ಯ ಅಕ್ಕಸಾಲಿಗನ ಅಂಗಡಿ ಸೇರಿದರೆ ಅದು ಬರಿಯ ಲೋಹ. ಯಾವ ಊರಿನ ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ತಿಳಿದರೆ ಅದೇ ಸಾಕ್ಷಿಯಾಗುತ್ತದೆ. ಒಂದು ವಸ್ತು ಯಾವುದು ಎಂಬ ಪ್ರಶ್ನೆಗೂ ಅದು ಎಲ್ಲಿಯದು ಎಂಬ ಪ್ರಶ್ನೆಗೂ ಬಿಡಿಸಲಾಗದ ಗಂಟು ಉಂಟು. ತೊರೆಯಲ್ಲಿ ಬಾಳುವ ಪ್ರಾಣಿಗಳ ಮಟ್ಟಿಗೆ ಈ ಗಂಟು ಮತ್ತೂ ಬಿಗಿಯಾದುದೆಂದೂ, ಇದನ್ನು ಮರೆತವರು ಒಳ್ಳೆಯ ಮನಸ್ಸಿನಿಂದಲೇ ಕೇಡು ಮಾಡಿದರೆಂದೂ, ಇದರಲ್ಲಿ ಕಲಾ ವಿದ್ಯಾರ್ಥಿಗಳಾದ ನಮಗೂ ಒಂದು ಕೆಲಸವಿದೆಯೆಂದೂ ನನ್ನ ವಾದ.

ಸಲಮಾಂಡರ್ ಎಂದರೆ ಕಪ್ಪೆಯಂತೆ ಉಭಯಚರ ವರ್ಗಕ್ಕೆ ಸೇರಿದ ಜೀವಿ. ನೋಟಕ್ಕೆ ಮಾತ್ರ ಹಲ್ಲಿಯ ಹಾಗೆ. ನಾಲ್ಕು ಕಾಲು, ಉದ್ದನೆಯ ಬಾಲ. ಆದರೆ ಹಲ್ಲಿಯ ಒಣ ಮೈ ಇದಕ್ಕಿಲ್ಲ. ಚರ್ಮ ಕಪ್ಪೆಯದರಂತೆ ಸದಾ ತೇವ. ನಮ್ಮ ಕನ್ನಡ ನಾಡಿನಲ್ಲಿ ಈ ಪ್ರಾಣಿಯಿಲ್ಲ, ಆದ್ದರಿಂದ ಕನ್ನಡದಲ್ಲಿ ಇದಕ್ಕೆ ಹೆಸರೂ ಇಲ್ಲ. ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ ಗೇಣುದ್ದದ ಒಂದು ಜಾತಿಯಿದೆ. ಅದು ಕೊಳದ ಪ್ರಾಣಿ. ನಾನು ಹೇಳಹೊರಟದ್ದು ಚೀನಾ ಮತ್ತು ಜಪಾನ್ ದೇಶಗಳ ಬೆಟ್ಟದ ತೊರೆಗಳಲ್ಲಿರುವ ದೈತ್ಯ ಸಲಮಾಂಡರಿನ ವಿಷಯ. ಜಪಾನಿನದು 1.5 ಮೀಟರಿನವರೆಗೆ, ಚೀನಾದ್ದು 1.8 ಮೀಟರಿನವರೆಗೆ ಬೆಳೆಯಬಲ್ಲುದು. ಎಂದರೆ ನಮ್ಮ ವಾಲಿಬಾಲ್ ತಂಡದ ನಾಯಕರ ಉದ್ದ. ಇಂದು ಭೂಮಿಯ ಮೇಲಿರುವ ಉಭಯಚರಗಳಲ್ಲೆಲ್ಲ ಇವೇ ದೊಡ್ಡವು.

ಈ ಪ್ರಾಣಿಯ ಮೈಯನ್ನು ವರ್ಣಿಸುವುದೂ ಅದರ ತೊರೆಯನ್ನು ವರ್ಣಿಸುವುದೂ ಹೆಚ್ಚು ಕಡಿಮೆ ಒಂದೇ ಕೆಲಸ. ಬೆಳೆದ ಮೇಲೆ ಇದಕ್ಕೆ ಹೊರಗಿನ ಕಿವಿರುಗಳಿರುವುದಿಲ್ಲ. ಶ್ವಾಸಕೋಶವಿದ್ದರೂ ಅದರ ಉಪಯೋಗ ಅಲ್ಪ. ಉಸಿರಾಟವೆಲ್ಲ ಬಹುಪಾಲು ಚರ್ಮದ ಮೂಲಕ. ಎರಡು ಪಕ್ಕೆಗಳ ಉದ್ದಕ್ಕೂ ನೆರಿಗೆ ನೆರಿಗೆಯಾಗಿ ಚರ್ಮ ಜೋತುಬಿದ್ದಿರುತ್ತದೆ. ಅದರೊಳಗೆ ಸಣ್ಣ ರಕ್ತನಾಳಗಳ ಬಲೆ. ನೀರಿನಲ್ಲಿ ಕರಗಿದ ಆಮ್ಲಜನಕ ಆ ನೆರಿಗೆಗಳನ್ನು ಹಾದು ರಕ್ತಕ್ಕೆ ಸೇರಬೇಕು. ತಣ್ಣನೆಯ ನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ; ಕಲ್ಲಿನಿಂದ ಕಲ್ಲಿಗೆ ಧುಮುಕಿ ನೊರೆಯೇಳುವ ನೀರಿಗೆ ಗಾಳಿ ಚೆನ್ನಾಗಿ ಬೆರೆಯುತ್ತದೆ. ಆದಕಾರಣ ಬೆಟ್ಟದ ತಂಪು, ಇಳಿಜಾರು, ಬಂಡೆ, ದಡದ ಮರಗಳ ನೆರಳು ಎಲ್ಲವೂ ಈ ಪ್ರಾಣಿಯ ಉಸಿರಿನ ಭಾಗ. ಇದರ ಕಣ್ಣು ಗುಂಡುಸೂಜಿಯ ತಲೆಯಷ್ಟು ಸಣ್ಣದು, ದೃಷ್ಟಿ ಮಂದ. ಹಗಲೆಲ್ಲ ಬಂಡೆಯಡಿಯಲ್ಲಿ ಬಿದ್ದುಕೊಂಡಿದ್ದು, ರಾತ್ರಿ ನೀರಿನ ಅಲುಗಾಟವನ್ನು ಚರ್ಮದಿಂದಲೇ ಅರಿತು ಮೀನು, ಏಡಿಗಳನ್ನು ಹಿಡಿಯುತ್ತದೆ. ಜಪಾನಿನ ಜಾತಿಯಲ್ಲಿ ಬೇಸಿಗೆ ಕಳೆದು ಶರತ್ಕಾಲ ಬರುವ ಹೊತ್ತಿಗೆ ದೊಡ್ಡದೊಂದು ಗಂಡು, ದಡದ ಬುಡದಲ್ಲಿ ನೀರಿನೊಳಗೆ ಬಾಯಿರುವ ಬಿಲವನ್ನು ಹಿಡಿದು ಕೂರುತ್ತದೆ. ಹೆಣ್ಣುಗಳು ಬಂದು ಜಪಮಾಲೆಯಂತೆ ಪೋಣಿಸಿದ ನೂರಾರು ಮೊಟ್ಟೆಗಳನ್ನಿಟ್ಟು ಹೋಗುತ್ತವೆ. ಆಮೇಲೆ ಕಾವಲು ಗಂಡಿನದು. ಬಾಲವನ್ನಾಡಿಸುತ್ತ ಮೊಟ್ಟೆಗಳಿಗೆ ಹೊಸ ನೀರು ಬೀಸುವುದೂ ಅದೇ. ಜಪಾನೀಯರು ಇಂಥ ಗಂಡನ್ನು ‘ನುಶಿ’, ಎಂದರೆ ಒಡೆಯ, ಎಂದು ಕರೆಯುತ್ತಾರೆ. ದಡಕ್ಕೆ ಸಿಮೆಂಟಿನ ಗೋಡೆ ಕಟ್ಟಿದರೆ ಒಡೆಯನಿಗೆ ಮನೆಯಿಲ್ಲ. ಹೊಳೆಗೆ ಅಡ್ಡವಾಗಿ ಎತ್ತರದ ಒಡ್ಡು ಕಟ್ಟಿದರೆ ಮೇಲಣ ಬಿಲಕ್ಕೆ ಹೋಗಲು ದಾರಿಯಿಲ್ಲ. 1952ರಲ್ಲಿ ಜಪಾನ್ ಸರ್ಕಾರ ಇದನ್ನು ‘ವಿಶೇಷ ನೈಸರ್ಗಿಕ ಸ್ಮಾರಕ’ವೆಂದು ಸಾರಿತು. ಪ್ರಾಣಿಯನ್ನು ಸ್ಮಾರಕ ಮಾಡಿದಷ್ಟು ಸುಲಭವಾಗಿ ತೊರೆಯನ್ನು ಮಾಡಲಾಗಲಿಲ್ಲ ಎಂಬುದು ಬೇರೆ ಮಾತು.

ಇದನ್ನು ಗುರುತಿಸುವಲ್ಲಿ ಪಂಡಿತರು ಎಡವಿದ ಕಥೆ ಹಳೆಯದು, ರಸವತ್ತಾದುದು. ಜ್ಯೂರಿಕ್ ನಗರದ ವೈದ್ಯ ಯೋಹಾನ್ ಶಾಯ್ಖ್ಸರ್ ಎಂಬಾತ 1726ರಲ್ಲಿ ಒಂದು ಕಲ್ಲಾದ ಅಸ್ಥಿಪಂಜರವನ್ನು ಲೋಕಕ್ಕೆ ತೋರಿಸಿ, ಇದು ಬೈಬಲಿನ ಮಹಾಪ್ರಳಯದಲ್ಲಿ ಮುಳುಗಿ ಸತ್ತ ಮನುಷ್ಯ ಎಂದು ಘೋಷಿಸಿದ. 1811ರಲ್ಲಿ ಫ್ರಾನ್ಸಿನ ಕೂವಿಯೆ ಅದೇ ಕಲ್ಲನ್ನು ಕೆತ್ತಿ, ಒಳಗಡಗಿದ್ದ ಮುಂಗಾಲುಗಳನ್ನು ಬಿಡಿಸಿ ತೋರಿಸಿ, ಇದು ದೊಡ್ಡ ಸಲಮಾಂಡರ್ ಎಂದು ಸಿದ್ಧಪಡಿಸಿದ. ಇಂದಿಗೂ ಈ ದೈತ್ಯರ ಕುಲನಾಮ ‘ಆಂಡ್ರಿಯಾಸ್’. ಮನುಷ್ಯನ ಪ್ರತಿಮೆ ಎಂದು ಅದರ ಅರ್ಥ. ವೈದ್ಯನ ಭ್ರಮೆ ಶಾಸ್ತ್ರೀಯ ನಾಮದಲ್ಲಿ ಶಾಶ್ವತವಾಗಿ ಕುಳಿತಿದೆ. ಇದನ್ನು ಓದಿ ನಗುವುದು ಸುಲಭ. ಆ ತಪ್ಪಿನಿಂದ ಯಾವ ಪ್ರಾಣಿಗೂ ನೋವಾಗಲಿಲ್ಲ. ನಮ್ಮ ಕಾಲದಲ್ಲಿ ನಡೆದದ್ದು ಹಾಗಲ್ಲ.

ಚೀನಾದ ದೈತ್ಯ ಸಲಮಾಂಡರಿಗೆ 1871ರಲ್ಲಿ ಫ್ರೆಂಚ್ ವಿದ್ವಾಂಸನೊಬ್ಬ ಹೆಸರಿಟ್ಟ. 1924ರಲ್ಲಿ ಲಂಡನ್ನಿನ ಬೂಲಾಂಜೆ, ಹಾಂಗ್‌ಕಾಂಗಿನಿಂದ ಬಂದು ಅಲ್ಲಿನ ಮೃಗಾಲಯದಲ್ಲಿದ್ದ ಒಂದು ಸಲಮಾಂಡರ್ ಬೇರೆಯದೇ ಜಾತಿಯೆಂದು ವಾದಿಸಿ ಅದಕ್ಕೆ ‘ಸ್ಲೈಗೋಯಿ’ ಎಂದು ನಾಮಕರಣ ಮಾಡಿದ. ಈ ಮಾತನ್ನು ಯಾರೂ ಹೆಚ್ಚು ಕಾಲ ಮನ್ನಿಸಲಿಲ್ಲ. ಮುಂದಿನವರು ಚೀನಾದ್ದೆಲ್ಲ ಒಂದೇ ಎಂದು ಎರಡನ್ನೂ ಕೂಡಿಸಿಬಿಟ್ಟರು. ಮೈ ನೋಡಿದರೆ ಎಲ್ಲವೂ ಒಂದೇ ತೆರ, ಕಂದುಬಣ್ಣ, ಚಪ್ಪಟೆ ತಲೆ. ಹೀಗಿರಲು ಅದರ ಮಾಂಸಕ್ಕೆ ಬೆಲೆ ಬಂತು. ತೊರೆಗಳಿಂದ ಹಿಡಿದು ಹಿಡಿದು ಬರಿದಾಗುತ್ತ ಬಂದಂತೆ ಕೋಳಿ ಸಾಕಿದ ಹಾಗೆ ತೊಟ್ಟಿಗಳಲ್ಲಿ ಸಾಕುವ ಕೇಂದ್ರಗಳೆದ್ದವು. ಯಾವ ನದಿಯದು ಯಾವುದೆಂದು ನೋಡದೆ ದೂರ ದೂರದ ಪ್ರಾಣಿಗಳನ್ನು ಒಂದೇ ತೊಟ್ಟಿಯಲ್ಲಿ ಕೂಡಿಸಿ ಮರಿ ಮಾಡಿಸಿದರು. ಬಳಿಕ, ಕಾಡಿನ ತೊರೆಗಳಲ್ಲಿ ಸಂತತಿ ನಶಿಸುತ್ತಿದೆಯೆಂಬ ಮರುಕದಿಂದ, ಸರ್ಕಾರದ ಬೆಂಬಲದೊಡನೆ ಹತ್ತಾರು ಸಾವಿರ ಸಾಕುಮರಿಗಳನ್ನು ನದಿಗಳಿಗೆ ಬಿಟ್ಟರು.

2018ರಲ್ಲಿ ಎರಡು ಅಧ್ಯಯನಗಳು ಹೊರಬಂದವು. ಒಂದು ಡಿ.ಎನ್.ಎ. ಪರೀಕ್ಷೆ: ಚೀನಾದಲ್ಲಿರುವುದು ಒಂದಲ್ಲ, ಕಡಮೆಯೆಂದರೂ ಐದು ಬೇರೆ ಬೇರೆ ಕುಲಗಳು, ನದಿಗಳ ಪಾತಳಿಗಳಿಗೆ ತಕ್ಕಂತೆ ಲಕ್ಷಾಂತರ ವರ್ಷಗಳಿಂದ ಬೇರ್ಪಟ್ಟು ಬೆಳೆದವು. ಇನ್ನೊಂದು ತೊರೆಗಳ ಸಮೀಕ್ಷೆ: 97 ಕಡೆ ಹುಡುಕಿದಾಗ ಸಲಮಾಂಡರ್ ಕಂಡದ್ದು ನಾಲ್ಕೇ ಕಡೆ. ಕಂಡವೂ ಆ ತೊರೆಯ ಹುಟ್ಟುಪ್ರಾಣಿಗಳಂತಿರಲಿಲ್ಲ. ಸಾಕಿ ಬಿಟ್ಟವೆಂದೇ ಡಿ.ಎನ್.ಎ. ಸೂಚಿಸಿತು. ಐದು ಮನೆತನಗಳನ್ನು ಒಂದೆಂದು ತಿಳಿದು ಬೆರಸಿ ಹಂಚಿದ ಮೇಲೆ, ಅವು ಐದಿದ್ದವು ಎಂಬ ಸುದ್ದಿ ಬಂದ ಹಾಗಾಯಿತು.

ಇದರ ಬೆನ್ನಿಗೆ 2019ರಲ್ಲಿ ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳಿಂದ ಡಿ.ಎನ್.ಎ. ತೆಗೆದು ನೋಡಿದರು, ಬೂಲಾಂಜೆಯ ಮಾತು ನಿಜವಾಯಿತು. ಸ್ಲೈಗೋಯಿ ಬೇರೆಯೇ ಜಾತಿ. 2022ರಲ್ಲಿ ಜಿಯಾಂಗ್ಸೀ ಪ್ರಾಂತದ ಜಾತಿಗೆ, ಮರುವರ್ಷ ಹ್ವಾಂಗ್‌ಶಾನ್ ಬೆಟ್ಟದ ಜಾತಿಗೆ ಹೊಸ ಹೆಸರುಗಳು ಬಂದವು. ಸ್ಲೈಗೋಯಿಯ ಅವಸ್ಥೆ ಮಾತ್ರ ಯೋಚಿಸಬೇಕಾದುದು. ಅದರ ದೇಹ ಲಂಡನ್ನಿನಲ್ಲಿ ಭದ್ರವಾಗಿದೆ. ಆದರೆ ಅದು ಎಲ್ಲಿಯದು? ಹಾಂಗ್‌ಕಾಂಗಿನ ತೋಟದಿಂದ ಬಂದದ್ದೆಂದು ಬರೆದಿದ್ದಾರೆ. ತೋಟ ಅದರ ಮನೆಯಲ್ಲ. ದಕ್ಷಿಣ ಚೀನಾ ಎಂಬಷ್ಟರಿಂದ ತೃಪ್ತರಾಗಬೇಕು. ಅದನ್ನು ಹಿಡಿದವನೋ ಮಾರಿದವನೋ ಒಂದು ಚೀಟಿಯ ಮೇಲೆ ಹೊಳೆಯ ಹೆಸರನ್ನು ಗೀಚಿ ಕಟ್ಟಿದ್ದರೆ, ನೂರು ವರ್ಷದ ಮೇಲೆ ಹುಡುಕುವವರಿಗೆ ಒಂದು ದಾರಿಯಾದರೂ ಇರುತ್ತಿತ್ತು.

ಕಥೆ ಇಲ್ಲಿಗೆ ನಿಲ್ಲಲಿಲ್ಲ. 1970ರ ದಶಕದಲ್ಲಿ ಜಪಾನಿನವರು ತಿನ್ನಲೆಂದು ಚೀನಾದಿಂದ ಈ ಪ್ರಾಣಿಗಳನ್ನು ತರಿಸಿದ್ದರು. ಕೆಲವು ಹೊಳೆ ಸೇರಿದವು. ಕ್ಯೋಟೋ ನಗರದ ನಡುವೆ ಹರಿಯುವ ಕಾಮೋ ನದಿಯಲ್ಲಿ ಚೀನಾದವೂ ಜಪಾನಿನವೂ ಕೂಡಿ, ಈಗ ಅಲ್ಲಿರುವವುಗಳಲ್ಲಿ ಬಹುಪಾಲು ಮಿಶ್ರತಳಿ. ಗುರುತಿಸುವ ಬಗೆ ಹೇಗೆ? ತಲೆಯ ಮೇಲಿನ ಗುಳ್ಳೆಗಳನ್ನು ನೋಡಬೇಕೆನ್ನುತ್ತಾರೆ: ಜಪಾನಿನದಕ್ಕೆ ದಪ್ಪ ಗುಳ್ಳೆಗಳು ಒಂಟೊಂಟಿಯಾಗಿ ಅಡ್ಡಾದಿಡ್ಡಿ ಚೆದರಿರುತ್ತವೆ, ಚೀನಾದ್ದಕ್ಕೆ ಸಣ್ಣವು, ಜೋಡಿಜೋಡಿಯಾಗಿ. ಮಿಶ್ರತಳಿಯ ತಲೆಯ ಮೇಲೆ ಎರಡರ ಲಕ್ಷಣವೂ ಇದ್ದು, ಕಣ್ಣು ಸೋಲುತ್ತದೆ, ಡಿ.ಎನ್.ಎ. ಪರೀಕ್ಷೆಯೇ ಗತಿ. ಈಗ ಪ್ರಾಣಿಯನ್ನು ಹಿಡಿಯದೆಯೂ ಕೆಲಸ ಸಾಗುತ್ತದೆಯಂತೆ: ಹೊಳೆಯ ನೀರನ್ನು ತುಂಬಿಕೊಂಡು ಬಂದು ಸೋಸಿದರೆ, ಅದರಲ್ಲಿ ಉದುರಿದ ಚರ್ಮದ ಕಣಗಳಿಂದ ಮೇಲೆ ಯಾರಿದ್ದಾರೆಂದು ಹೇಳಬಹುದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯೋಟೋದ ಕತ್ಸುರ ನದಿಯ ಬಯಲನ್ನು ಹೀಗೆ ಪರಿಶೀಲಿಸಿದ್ದಾರೆ. ನೀರೇ ಸಾಕ್ಷಿ ಹೇಳುವುದೆಂದರೆ ಇದೇ ಇರಬೇಕು.

2024ರಲ್ಲಿ ಜಪಾನ್ ಸರ್ಕಾರ ಚೀನಾದ ಸಲಮಾಂಡರನ್ನೂ ಮಿಶ್ರತಳಿಯನ್ನೂ ಅಪಾಯಕಾರಿ ಪರದೇಶಿ ಜೀವಿಗಳ ಪಟ್ಟಿಗೆ ಸೇರಿಸಿತು. ತವರಿನಲ್ಲಿ ಅಳಿವಿನಂಚು ತಲಪಿದ ಪ್ರಾಣಿ ಪರದೇಶದಲ್ಲಿ ಅಪರಾಧಿ! ಅದೇ ವರ್ಷ ಕ್ಯೋಟೋದ ವಿದ್ವಾಂಸರು ಜಪಾನಿನಲ್ಲಿದ್ದ ಈ ‘ಪರದೇಶಿ’ಗಳ ಡಿ.ಎನ್.ಎ. ನೋಡಿದಾಗ, ತವರಿನಲ್ಲಿ ಕಾಣದೇ ಹೋಗಿದ್ದ ಸ್ಲೈಗೋಯಿ ಜಾತಿಯವು ನಾಲ್ಕು ಸಿಕ್ಕವು. ಎರಡು ಸೆರೆಯಲ್ಲಿ ಇನ್ನೂ ಜೀವಂತವಾಗಿದ್ದವು. ಎಲ್ಲವನ್ನೂ ಒಂದೇ ಹೆಸರಿನಡಿ ಹಿಡಿದು ಕೊಂದಿದ್ದರೆ ಅವೂ ಹೋಗುತ್ತಿದ್ದವು. ಗುರುತಿಲ್ಲದೆ ತೋರುವ ದಯೆಯಂತೆಯೇ ಗುರುತಿಲ್ಲದೆ ವಿಧಿಸುವ ದಂಡನೆಯೂ ಕುರುಡೆಂದು ಇದರಿಂದ ನನಗನ್ನಿಸುತ್ತದೆ.

‘ಅದು ಚೀನಾದ ಮಾತು, ನಮಗೇಕೆ?’ ಎನ್ನುವವರು ಕಾವೇರಿಯ ಕಡೆ ತಿರುಗಿ ನೋಡಲಿ. ಕಾವೇರಿಯಲ್ಲಿ ಡುಬ್ಬದ ಬೆನ್ನು, ಕಿತ್ತಳೆಯ ಈಜುರೆಕ್ಕೆಗಳ ಮಹಶೀರ್ ಮೀನು ಒಂದುಂಟು. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗುವುದೊಂದನ್ನು ಹಿಡಿದ ದಾಖಲೆಯಿದೆ. ಜಗತ್ತಿನ ಗಾಳದವರೆಲ್ಲ ಹುಡುಕಿಕೊಂಡು ಬರುತ್ತಿದ್ದ ಈ ಮೀನಿನ ಶಾಸ್ತ್ರೀಯ ಗುರುತು ನಿಶ್ಚಯವಾದದ್ದು ಯಾವಾಗ? 2018ರಲ್ಲಿ! ಕಾವೇರಿಯದೇ ಉಪನದಿಗಳ ಬಳಗಕ್ಕೆ ಸೇರಿದ, ಕೇರಳದ ಪಾಂಬಾರ್ ಹೊಳೆಯ ಒಂದು ಮೀನಿಗೆ 2007ರಲ್ಲಿ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದರು. ಡುಬ್ಬದ ಮಹಶೀರ್ ಅದೇ ಎಂದು ಆಗ ತಿಳಿಯಿತು. ಅಷ್ಟು ಹೊತ್ತಿಗೆ ಏನಾಗಿತ್ತು? ಮಹಶೀರ್ ಕಡಮೆಯಾಗುತ್ತಿದೆಯೆಂದು ದಶಕಗಟ್ಟಲೆ ಕಾವೇರಿಗೆ ಮರಿಗಳನ್ನು ತಂದು ಬಿಟ್ಟಿದ್ದರು. ಆ ಮರಿಗಳು ಕೃಷ್ಣೆಯ ಕಡೆಯ ನೀಲಿ ರೆಕ್ಕೆಯ ಬೇರೊಂದು ಜಾತಿಯವು. ಅವು ಹೆಚ್ಚಿದವು, ಕಾವೇರಿಯ ಹುಟ್ಟುಮೀನು ಕುಗ್ಗಿತು. 2018ರಲ್ಲೇ ಅದರ ಹೆಸರು ಅಳಿವಿನ ಅಂಚಿನಲ್ಲಿರುವವುಗಳ ಪಟ್ಟಿಗೆ ಏರಿತು. ಹೆಸರು ಸಿಕ್ಕಿದ ವರ್ಷವೇ ಮರಣಶಯ್ಯೆಯ ಸುದ್ದಿ. ಇದಕ್ಕೆ ಎದುರಾಗಿ ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ನಮ್ಮ ಹಿರಿಯರು ಮಾಡಿದ್ದೇನು? ದೇವರ ಮೀನೆಂದು ಹಿಡಿಯದೆ ಬಿಟ್ಟರು. ಹೊರಗಿನಿಂದ ತಂದು ತುಂಬಲಿಲ್ಲ. ಇದ್ದದ್ದನ್ನು ಇದ್ದಲ್ಲೇ ಇರಗೊಟ್ಟರು. ಹಾರ ತುರಾಯಿ, ಛಾಯಾಚಿತ್ರಗಳೊಡನೆ ಕೆರೆ ಹೊಳೆಗಳಿಗೆ ಮರಿ ಬಿಡುವ ಸಮಾರಂಭಗಳಲ್ಲಿ, ‘ಇವು ಯಾವ ನದಿಯ ಮರಿಗಳು, ಸ್ವಾಮಿ?’ ಎಂದು ಸಭಿಕರಲ್ಲೊಬ್ಬರಾದರೂ ಎದ್ದು ಕೇಳುವಂತಾಗಬೇಕು. ಸೊಳ್ಳೆಯ ನಿವಾರಣೆಗೆಂದು ಅಮೆರಿಕದ ಗಾಂಬೂಸಿಯಾ ಮೀನನ್ನು ಬಾವಿ ಕೆರೆಗಳಿಗೆ ಬಿಟ್ಟದ್ದೂ ಇದೇ ಸಾಲಿನ ಕಾರ್ಯ. ಅದು ಸೊಳ್ಳೆಮರಿಯೊಡನೆ ಕಪ್ಪೆಮರಿಯನ್ನೂ ತಿನ್ನುತ್ತದೆ.

ಮೈ ಉಳಿದು ಮನೆ ಕಳೆದುಹೋದ ಸ್ಲೈಗೋಯಿಯ ಕಥೆಗೆ ತಿರುಗುಮುರುಗಾದ ಕಥೆಯೊಂದು ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು, 1937ರಲ್ಲಿ ಮಲೆನಾಡಿನ ಹಲವು ಕಪ್ಪೆಗಳನ್ನು ಹೊಸದಾಗಿ ವರ್ಣಿಸಿ ಹೆಸರಿಟ್ಟರು. ಒಂದಕ್ಕೆ ಕೊಟ್ಟಿಗೆಹಾರದ ಹೆಸರು, ಇನ್ನೊಂದಕ್ಕೆ ಕೆಂಪುಹೊಳೆಯ ಹೆಸರು. ಕಾಲಾಂತರದಲ್ಲಿ ಅವರು ಕಾಲೇಜಿನಲ್ಲಿ ಸೀಸೆಗಳಲ್ಲಿಟ್ಟಿದ್ದ ಮೂಲ ಮಾದರಿಗಳು ಕಳೆದುಹೋದವು. ಹಾಗಾದರೆ ಆ ಹೆಸರುಗಳ ಗತಿಯೇನು? ಮುಂದಿನ ಸಂಶೋಧಕರು ಕೈಯಲ್ಲಿ ರಾಯರ ಬರೆಹವನ್ನೂ ಊರ ಹೆಸರನ್ನೂ ಹಿಡಿದುಕೊಂಡು ಕೊಟ್ಟಿಗೆಹಾರದ ತೊರೆಗಳಿಗೆ ಹೋದರು. ಕಪ್ಪೆ ಅಲ್ಲೇ ಇತ್ತು. ಅದೇ ಇಂದು ಕೊಟ್ಟಿಗೆಹಾರದ ಕುಣಿಯುವ ಕಪ್ಪೆಯೆಂದು ಪ್ರಸಿದ್ಧ: ತೊರೆಯ ಮೊರೆತದಲ್ಲಿ ಕೂಗು ಕೇಳಿಸದೆ ಹೋಗುವುದರಿಂದ ಗಂಡು ಹಿಂಗಾಲನ್ನು ನೀಡಿ ಬೀಸಿ ಸನ್ನೆ ಮಾಡುತ್ತದೆ. ಮೈ ಕಳೆದರೂ ಹಳ್ಳದ ಹೆಸರು ಉಳಿದದ್ದರಿಂದ ಗುರುತು ಉಳಿಯಿತು. ಲಂಡನ್ನಿನ ಸೀಸೆಗಿಂತ ನಮ್ಮ ರಾಯರ ಒಂದು ಊರ ಹೆಸರು ಹೆಚ್ಚಿನ ಕೆಲಸ ಮಾಡಿತೆಂದರೆ ಅಭಿಮಾನದ ಮಾತೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ.

ಗುರುತಿಸುವುದು ಪ್ರಾಣಿಶಾಸ್ತ್ರಜ್ಞರ ಕೆಲಸ, ಬಿ.ಎ. ವಿದ್ಯಾರ್ಥಿಗಳು ಕೈಹಾಕಿದರೆ ಹಾಸ್ಯಾಸ್ಪದವಾಗುತ್ತದೆ ಎಂಬ ಆಕ್ಷೇಪಣೆ ಬರಬಹುದು. ಗುಳ್ಳೆಗಳನ್ನು ಎಣಿಸುವುದು, ಡಿ.ಎನ್.ಎ. ನೋಡುವುದು ಅವರದೇ ಕೆಲಸ, ಒಪ್ಪಿದೆ. ಆದರೆ ಮನೆಯ ವಿಳಾಸ ಹೇಳಬೇಕಾದವರು ಆ ಬೀದಿಯವರು. ಚೀನಾದ ಬೆಸ್ತರು ಇದನ್ನು ‘ವಾವಾಯು’, ಎಂದರೆ ಕೂಸುಮೀನು, ಎನ್ನುತ್ತಾರೆ. ಅದರ ಕೂಗು ಎಳೆಗೂಸಿನ ಅಳುವಿನಂತಿದೆಯಂತೆ. ಮೀನೆಂದದ್ದು ಶಾಸ್ತ್ರಕ್ಕೆ ತಪ್ಪು. ಆದರೂ ಸೀಸೆಯಲ್ಲಿ ಮಲಗಿದ ಮಾದರಿ ಆ ಕೂಗನ್ನು ಎಂದಾದರೂ ಹೇಳೀತೇ? ನಮ್ಮ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಕಪ್ಪೆ, ಹಿಂಗಾಲ ಮೇಲೆ ನಿಂತು ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. 2014ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮವಿಡುವಾಗ ‘ಕುಂಬಾರ’ ಎಂಬ ಕನ್ನಡ ಮಾತನ್ನೇ ಬಳಸಿದರು. ಪ್ರಾಣಿಯ ನಡತೆಯನ್ನೂ ಅದರ ನೆಲವನ್ನೂ ಬಲ್ಲ ಭಾಷೆ ಅಲ್ಲಿಯದೇ ತಾನೆ?

ನನ್ನ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮೂರ ಹಳ್ಳದ ಮೀನುಗಳಲ್ಲಿ ಕೊರವ ಯಾವ ಮಡುವಿನಲ್ಲಿ, ಹಾವುಮೀನು ಯಾವ ದಡದ ಬೇರಿನಲ್ಲಿ, ಮೊದಲ ಮಳೆಗೆ ಗದ್ದೆಗೆ ಹತ್ತುವುದು ಯಾವುದು, ಹತ್ತದೆ ಉಳಿಯುವುದು ಯಾವುದು ಎಂದು ಬೆರಳು ಮಡಿಚಿ ಹೇಳುತ್ತಾರೆ. ನಾನು ಮೂರು ವರ್ಷ ಇಲ್ಲಿ ಓದಿದ ಯಾವ ಪುಸ್ತಕದಲ್ಲೂ ಆ ಹಳ್ಳದ ಹೆಸರಿಲ್ಲ. ಅದೇನೂ ಪುಸ್ತಕದ ತಪ್ಪಲ್ಲ. ಬರೆಯಬಲ್ಲವರು ಆ ಮನೆಗಳಲ್ಲಿ ಇದುವರೆಗೆ ಇರಲಿಲ್ಲ. ಈಗ ಇದ್ದೇವೆ. ನಮ್ಮ ತರಗತಿಯಲ್ಲಿ ಇಂಥವರು ನಾನೊಬ್ಬನೇ ಅಲ್ಲ.

ಆದ್ದರಿಂದ ನನ್ನ ಸಲಹೆ ಇದು. ಕಾಲೇಜಿನ ಪುಸ್ತಕ ಭಂಡಾರದಲ್ಲಿ ಗಟ್ಟಿ ರಟ್ಟಿನ ಒಂದು ದೊಡ್ಡ ರಿಜಿಸ್ಟರನ್ನಿಟ್ಟು, ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಹಳ್ಳ ಅಥವಾ ತೊರೆಯ ಬಗೆಗೆ ಒಂದು ಪುಟ ಬರೆಯಬೇಕು: ಹೆಸರೇನು, ಊರಿಂದೂರಿಗೆ ಹೆಸರು ಬದಲಾಗುತ್ತದೆಯೇ, ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಯಾವ ತಿಂಗಳಲ್ಲಿ ಬತ್ತುತ್ತದೆ, ಒಳಗೆ ಏನೇನು ಇವೆ, ಅವಕ್ಕೆ ಮನೆಯವರು ಹೇಳುವ ಹೆಸರೇನು. ಬರೆದ ದಿನವನ್ನು ಕಾಣಿಸಬೇಕು. ಹೊರಗಿನಿಂದ ಏನನ್ನಾದರೂ ತಂದು ಬಿಟ್ಟಿದ್ದರೆ ಅದನ್ನೂ ಬರೆಯಬೇಕು. ಅಪರೂಪದ ಪ್ರಾಣಿಯ ಬಿಲ ಇಂಥ ಬಂಡೆಯಡಿ ಇದೆಯೆಂದು ಬರೆದರೆ ಕಳ್ಳರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ ಎಂದು ಒಬ್ಬ ಗೆಳೆಯ ಕೇಳಿದ, ಪ್ರಶ್ನೆ ಸರಿಯಾದುದೇ. ಅಂಥ ಪುಟಗಳು ಅಧ್ಯಾಪಕರ ವಶದಲ್ಲಿ ಬೀಗದೊಳಗಿರಲಿ. ಬರೆಯದೆ ಬಿಡುವುದಕ್ಕಿಂತ ಬರೆದು ಬಚ್ಚಿಡುವುದು ಮೇಲು.

ನಾನು ಈ ವರ್ಷ ಪರೀಕ್ಷೆ ಮುಗಿಸಿ ಹೋಗುವವನು. ನಮ್ಮೂರ ಹಳ್ಳದ ಪುಟವನ್ನು ಬರೆದಿಟ್ಟಿದ್ದೇನೆ. ರಿಜಿಸ್ಟರು ಬಂದರೆ ಅಂಟಿಸಬಹುದು. ಅದರಲ್ಲಿ ಹರಿವ ನೀರಿನ ಬಂಡೆಗೆ ಹೊಟ್ಟೆಯಿಂದ ಕಚ್ಚಿಕೊಂಡಿರುವ ಬೆರಳುದ್ದದ ಮೀನೊಂದಿದೆ. ತಂದೆಯವರು ಅದನ್ನು ಕಲ್ಲುಮೀನು ಎನ್ನುತ್ತಾರೆ. ಶಾಸ್ತ್ರೀಯ ನಾಮದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.